ಒಳ್ಳೆಯ ಹುಡುಗಿಯ ಪೆನ್‌ಡ್ರೈವ್

ಅಭ್ಯಾಸ ಬೋಧನೆಯ ಮೂರನೆಯ ವಾರ ನಾನು ಮಾಡಿದ ಒಂದು ತಪ್ಪಿನಿಂದ ಈ ಬರಹ ಹುಟ್ಟಿದೆ. ಯಡಿಯೂರು ಕೆರೆಯಿಂದ ಹತ್ತು ನಿಮಿಷ ನಡೆದರೆ ಸಿಗುವ ಒಂದು ಪ್ರೌಢಶಾಲೆ. ನನ್ನ ಬೋಧನಾ ವಿಷಯಗಳು ಗಣಿತ ಮತ್ತು ಭೌತವಿಜ್ಞಾನ. ಆದರೆ ಅಲ್ಲಿ ಕಂಪ್ಯೂಟರ್ ತರಗತಿ ತೆಗೆದುಕೊಳ್ಳಲು ಬೇರೆ ಯಾರೂ ಇರಲಿಲ್ಲ. "ಬಿ.ಎಸ್‌ಸಿ.ಯಲ್ಲಿ ಕಂಪ್ಯೂಟರ್ ಸೈನ್ಸ್ ಓದಿದ್ದೀಯಲ್ಲಮ್ಮ, ಒಂಬತ್ತನೇ ತರಗತಿಯ ಎರಡು ಅವಧಿ ನೀನೇ ನೋಡಿಕೋ" ಎಂದು ಮಾರ್ಗದರ್ಶಕ ಶಿಕ್ಷಕಿ ಹೇಳಿದರು. ಹನ್ನೆರಡು ಕಂಪ್ಯೂಟರ್‌ಗಳಲ್ಲಿ ಒಂಬತ್ತು ನಡೆಯುತ್ತಿದ್ದವು. ಇಂಟರ್ನೆಟ್ ಮುಖ್ಯೋಪಾಧ್ಯಾಯರ ಕೊಠಡಿಯಲ್ಲಿ ಮಾತ್ರ. ಹಾಗಾಗಿ ಮಕ್ಕಳು 'ನಮ್ಮ ಕೆರೆ' ಎಂಬ ಯೋಜನೆಗೆ ಚಿತ್ರ, ಮಾಹಿತಿಗಳನ್ನೆಲ್ಲ ಪೆನ್‌ಡ್ರೈವ್‌ನಲ್ಲೇ ತರಬೇಕಾಗಿತ್ತು.

ನಿಯಮವನ್ನು ನಾನೇ ಬರೆದು ಬಾಗಿಲಿಗೆ ಅಂಟಿಸಿದ್ದೆ: ಯಾವ ಪೆನ್‌ಡ್ರೈವ್ ಆದರೂ ಮೊದಲು ನನ್ನ ಮೇಜಿನ ಕಂಪ್ಯೂಟರ್‌ನಲ್ಲಿ ಸ್ಕ್ಯಾನ್ ಆಗಬೇಕು. ಆದರೆ ಅವಧಿ ನಲವತ್ತು ನಿಮಿಷ. ಆ ಹಳೆಯ ಯಂತ್ರದಲ್ಲಿ ಒಂದೊಂದು ಪೆನ್‌ಡ್ರೈವ್‌ಗೆ ಮೂರು ನಾಲ್ಕು ನಿಮಿಷ ಹಿಡಿಯುತ್ತಿತ್ತು. ಎರಡನೆಯ ದಿನವೇ ನಾನು ಮನಸ್ಸಿನಲ್ಲೇ ಒಂದು ಪಟ್ಟಿ ಮಾಡಿಕೊಂಡೆ. ಮುಂದಿನ ಸಾಲಿನ ನಾಲ್ಕೈದು ಮಕ್ಕಳನ್ನು ಹಾಗೇ ಬಿಡುತ್ತಿದ್ದೆ. ತರಗತಿಯ ಲೀಡರ್ ಹುಡುಗಿಯನ್ನಂತೂ ಕೇಳುತ್ತಲೇ ಇರಲಿಲ್ಲ. ಅವಳು ಪ್ರತಿ ಪರೀಕ್ಷೆಯಲ್ಲೂ ಮೊದಲು, ಪುಸ್ತಕಕ್ಕೆಲ್ಲ ಕಂದು ಕಾಗದದ ಹೊದಿಕೆ. ಕೊನೆಯ ಬೆಂಚಿನ ಒಬ್ಬ ಹುಡುಗನ ಪೆನ್‌ಡ್ರೈವನ್ನು ಮಾತ್ರ ಪ್ರತಿ ಸಲ ಸ್ಕ್ಯಾನ್ ಮಾಡುತ್ತಿದ್ದೆ. ಅವನು ಆ ವರ್ಷವೇ ಬೇರೆ ಶಾಲೆಯಿಂದ ಬಂದವನು, ಸಂಜೆ ಮಾವನ ಮೊಬೈಲ್ ರಿಪೇರಿ ಅಂಗಡಿಯಲ್ಲಿ ಕೂರುತ್ತಿದ್ದ. "ಮಿಸ್, ನಂದು ಮಾತ್ರ ಯಾಕೆ?" ಎಂದು ಒಮ್ಮೆ ಕೇಳಿದ. "ಅಂಗಡಿಯಿಂದ ತರ್ತೀಯಲ್ಲಪ್ಪ" ಎಂದೆ. ಉತ್ತರ ಸರಿಯಾಗಿದೆ ಎಂದೇ ಅಂದುಕೊಂಡಿದ್ದೆ.

ಮುಂದಿನ ವಾರ ಒಂಬತ್ತರಲ್ಲಿ ಏಳು ಕಂಪ್ಯೂಟರ್‌ಗಳಲ್ಲಿ ಮಕ್ಕಳ ಫೋಲ್ಡರ್‌ಗಳೆಲ್ಲ ಶಾರ್ಟ್‌ಕಟ್ ಆಗಿ ಕೂತಿದ್ದವು. ಶಾಲೆಗಳಲ್ಲಿ ಕೆಲಸ ಮಾಡಿದವರಿಗೆ ಈ ಕಾಟ ಹೊಸದಲ್ಲ. ಈ ಬಗೆಯ ವೈರಸ್ ನಮ್ಮ ನಿಜವಾದ ಫೋಲ್ಡರನ್ನು ಅಡಗಿಸಿ, ಅದೇ ಹೆಸರಿನ ಶಾರ್ಟ್‌ಕಟ್ ಒಂದನ್ನು ಅದರ ಜಾಗದಲ್ಲಿ ಇಡುತ್ತದೆ. ಕ್ಲಿಕ್ ಮಾಡಿದರೆ ಫೋಲ್ಡರ್ ತೆರೆಯುತ್ತದೆ, ಹಾಗಾಗಿ ಅನುಮಾನವೇ ಬರುವುದಿಲ್ಲ. ಅದರ ಜೊತೆಗೆ ವೈರಸ್ಸೂ ಓಡಿ, ಆಮೇಲೆ ಸಿಕ್ಕಿಸಿದ ಪ್ರತಿ ಪೆನ್‌ಡ್ರೈವ್‌ಗೂ ಹತ್ತಿಕೊಳ್ಳುತ್ತದೆ.

ನಾನು ಮಾಡಿದ ಮೊದಲ ಕೆಲಸ, ಇಡೀ ತರಗತಿಯ ಮುಂದೆ ಆ ಕೊನೆಯ ಬೆಂಚಿನ ಹುಡುಗನನ್ನು ಎಬ್ಬಿಸಿ ನಿಲ್ಲಿಸಿದ್ದು.

ಅವನ ಪೆನ್‌ಡ್ರೈವ್‌ನಲ್ಲಿ ಏನೂ ಇರಲಿಲ್ಲ. ಇರಲು ಸಾಧ್ಯವೂ ಇರಲಿಲ್ಲ. ಇಡೀ ತರಗತಿಯಲ್ಲಿ ಪ್ರತಿ ಸಲ ತಪ್ಪದೆ ಸ್ಕ್ಯಾನ್ ಆಗಿದ್ದು ಅದೊಂದೇ. ಸೋಂಕು ಬಂದದ್ದು ಲೀಡರ್ ಹುಡುಗಿಯ ಪೆನ್‌ಡ್ರೈವ್‌ನಿಂದ. ಅವಳು ವರದಿಯ ಹಾಳೆಗಳನ್ನು ಪ್ರಿಂಟ್ ಹಾಕಿಸಲು ಅದನ್ನು ಒಂದು ಜೆರಾಕ್ಸ್ ಅಂಗಡಿಯಲ್ಲಿ ಕೊಟ್ಟಿದ್ದಳು. ಅವಳು ಮಾಡಿದ್ದರಲ್ಲಿ ತಪ್ಪೇನೂ ಇಲ್ಲ. ತಪ್ಪು ಮಾಡಿದವಳು ನಾನು. ಅವಳ ಒಳ್ಳೆಯತನವನ್ನು ಅವಳ ಪೆನ್‌ಡ್ರೈವ್‌ಗೂ ಅಂಟಿಸಿಬಿಟ್ಟಿದ್ದೆ.

ಇದಕ್ಕೆ ಹತ್ತು ದಿನ ಮೊದಲು ಅದೇ ಮಕ್ಕಳಿಗೆ ನಾನು 'ಸುರಕ್ಷಿತ ಕಂಪ್ಯೂಟರ್ ಬಳಕೆ' ಎಂಬ ಪಾಠ ಮಾಡಿದ್ದೆ. ಡ್ರಾಯಿಂಗ್ ಶೀಟಿನ ಮೇಲೆ ಸ್ಕೆಚ್ ಪೆನ್ನಿನಲ್ಲಿ ಬರೆದ ಚಾರ್ಟಿನ ಮೊದಲ ಸಾಲು ಹೀಗಿತ್ತು: ನಂಬಿಕಸ್ಥ ಮೂಲಗಳಿಂದ ಮಾತ್ರ ಕಡತಗಳನ್ನು ಪಡೆಯಿರಿ. ನಮ್ಮ ಕಾಲೇಜಿನ ಬೋಧನೋಪಕರಣಗಳ ಕಪಾಟಿನಲ್ಲಿ ಇದೇ ಸಾಲಿರುವ ಚಾರ್ಟುಗಳು ಇನ್ನೂ ಮೂರಿವೆ, ಹುಡುಕಿ ನೋಡಿದೆ. ಈಗ ನನಗನ್ನಿಸುವುದು, ಆ ಸಾಲು ಮಕ್ಕಳಿಗೆ ಏನನ್ನೂ ಕಲಿಸುವುದಿಲ್ಲ. ಅವರಲ್ಲಿ ಆಗಲೇ ಇರುವ ಅಭ್ಯಾಸಕ್ಕೆ ಶಿಕ್ಷಕರ ಮುದ್ರೆ ಒತ್ತುತ್ತದೆ, ಅಷ್ಟೇ. ಯಾರನ್ನು ನಂಬಬೇಕೆಂದು ಮಕ್ಕಳಿಗೆ ಮೊದಲೇ ಗೊತ್ತಿರುತ್ತದೆ: ಅಪ್ಪ, ಅಜ್ಜಿ, ಮಿಸ್ಸು, ಬ್ಯಾಂಕು, ಪೊಲೀಸು, ಚೆನ್ನಾಗಿ ಓದುವ ಗೆಳತಿ. ಮೋಸ ಮಾಡುವವನು ಬಳಸುವುದೂ ಇದೇ ಪಟ್ಟಿಯನ್ನು.

ಹಾಗೆಂದು ಒಳ್ಳೆಯ ಹೆಸರಿನ ಮೇಲೆ ನಂಬಿಕೆ ಇಡುವುದೇ ಮೂರ್ಖತನ ಎಂದು ನಾನು ಹೇಳುತ್ತಿಲ್ಲ. ಕಂಪ್ಯೂಟರ್ ಸುರಕ್ಷತೆಯ ದೊಡ್ಡ ಭಾಗ ಅದರ ಮೇಲೆಯೇ ನಿಂತಿದೆ. ನಮಗೆ ಬರುವ ಮಿಂಚಂಚೆಯಲ್ಲಿ ಯಾವುದು ಕಸದ ಪೆಟ್ಟಿಗೆಗೆ ಹೋಗಬೇಕೆಂದು ನಿರ್ಧರಿಸುವಾಗ, ಅದನ್ನು ಕಳಿಸಿದ ಸರ್ವರ್ ಇದುವರೆಗೆ ಹೇಗೆ ನಡೆದುಕೊಂಡಿದೆ ಎಂಬ ಲೆಕ್ಕವನ್ನು ನೋಡಲಾಗುತ್ತದೆ. ಇಂಥ ಕಪ್ಪುಪಟ್ಟಿಗಳು 1997ರಿಂದಲೂ ಇವೆ. ವಿಂಡೋಸ್‌ನ ಸ್ಮಾರ್ಟ್‌ಸ್ಕ್ರೀನ್, ನಾವು ಇಳಿಸಿಕೊಂಡ ಪ್ರೋಗ್ರಾಂ ಬೇರೆಯವರಿಗೂ ಪರಿಚಿತವೇ, ಅದಕ್ಕೆ ಸಹಿ ಹಾಕಿದವರ ಹಿಂದಿನ ನಡತೆ ಹೇಗಿದೆ ಎಂದು ನೋಡಿ ಎಚ್ಚರಿಕೆ ಕೊಡುತ್ತದೆ. ಟ್ರೂಕಾಲರ್ ಅಂತೂ ಊರವರ ಮಾತನ್ನೇ ಸಂಖ್ಯೆ ಮಾಡಿ ತೋರಿಸುತ್ತದೆ. ಇವೆಲ್ಲ ಕೆಲಸಕ್ಕೆ ಬರುತ್ತವೆ. ಇಲ್ಲದಿದ್ದರೆ ನಮ್ಮ ಇನ್‌ಬಾಕ್ಸ್ ತೆರೆಯುವಂತೆಯೇ ಇರುತ್ತಿರಲಿಲ್ಲ.

ಆದರೆ ಇವು ಹೇಗೆ ಕೆಲಸ ಮಾಡುತ್ತವೆ ಎಂಬುದನ್ನು ಗಮನಿಸಬೇಕು. ಅಲ್ಲಿ ಹೆಸರು ಒಬ್ಬರ ಅಭಿಪ್ರಾಯದಿಂದ ಬಂದದ್ದಲ್ಲ, ಒಬ್ಬರನ್ನೊಬ್ಬರು ಅರಿಯದ ಲಕ್ಷಾಂತರ ಬಳಕೆದಾರರ ಅನುಭವದಿಂದ ಬಂದದ್ದು. ನಿನ್ನೆ ಒಳ್ಳೆಯದಾಗಿದ್ದ ಸರ್ವರ್ ಇವತ್ತು ಕಸ ಕಳಿಸಲು ಶುರು ಮಾಡಿದರೆ ಬೇಗನೆ ಅದರ ಹೆಸರು ಇಳಿಯುತ್ತದೆ. ಹೆಸರು ಚೆನ್ನಾಗಿದೆ ಎಂದ ಮಾತ್ರಕ್ಕೆ ಉಳಿದ ತಪಾಸಣೆಯನ್ನು ಬಿಡುವುದೂ ಇಲ್ಲ. ಪರಿಚಿತ ವಿಳಾಸದಿಂದ ಬಂದರೂ ಅಂಚೆಯ ಲಗತ್ತನ್ನು ವೈರಸ್‌ಗಾಗಿ ನೋಡಿಯೇ ನೋಡುತ್ತಾರೆ. ನನ್ನ ಮೇಜಿನ ಬಳಿ ಈ ಮೂರೂ ಇರಲಿಲ್ಲ. ನಾನೊಬ್ಬಳೇ ಸಾಕ್ಷಿ, ಅಭಿಪ್ರಾಯ ಜೂನ್‌ನಲ್ಲಿ ಸ್ಟಾಫ್ ರೂಮಿನಲ್ಲಿ ಕೇಳಿದ್ದು, ತಪಾಸಣೆಗೆ ಮಾಫಿ.

ಇಷ್ಟೆಲ್ಲ ಇದ್ದೂ ಈ ವ್ಯವಸ್ಥೆ ಸೋಲುತ್ತದೆ. ಸಿಸಿಕ್ಲೀನರ್ ಎಂಬ ಪ್ರೋಗ್ರಾಂ ನಮ್ಮಲ್ಲಿ ಬಹಳ ಮಂದಿಗೆ ಪರಿಚಿತ. ಹಳೆಯ ಕಂಪ್ಯೂಟರ್ ನಿಧಾನವಾದರೆ ಯಾರಾದರೂ ಹಾಕಿಕೊಡುತ್ತಿದ್ದರು. 2017ರ ಆಗಸ್ಟ್, ಸೆಪ್ಟೆಂಬರ್‌ನಲ್ಲಿ ಸುಮಾರು ನಾಲ್ಕು ವಾರ ಅದರ ಒಂದು ಆವೃತ್ತಿ ಕಂಪನಿಯ ಅಧಿಕೃತ ತಾಣದಿಂದಲೇ, ಕಂಪನಿಯ ಸರಿಯಾದ ಡಿಜಿಟಲ್ ಸಹಿಯೊಂದಿಗೇ, ಒಳಗೆ ದುಷ್ಟ ಕೋಡ್ ಇಟ್ಟುಕೊಂಡು ಹಂಚಿಕೆಯಾಯಿತು. ಸುಮಾರು 22 ಲಕ್ಷ 70 ಸಾವಿರ ಬಳಕೆದಾರರ ಕಂಪ್ಯೂಟರ್ ಸೇರಿತು. ಅವರೆಲ್ಲ ನನ್ನ ಚಾರ್ಟಿನ ಮೊದಲ ಸಾಲನ್ನು ಅಕ್ಷರಶಃ ಪಾಲಿಸಿದವರು. ಕಂಪನಿ ಕೆಟ್ಟದ್ದಲ್ಲ, ಅದರ ಒಳಗೆ ಯಾರೋ ನುಗ್ಗಿದ್ದರು. ಲೀಡರ್ ಹುಡುಗಿಯ ಪೆನ್‌ಡ್ರೈವ್‌ನ ಕಥೆಯೇ ಇದು, ಅಳತೆ ಮಾತ್ರ ಬೇರೆ.

ಅದಕ್ಕಿಂತ ನನ್ನನ್ನು ಹೆಚ್ಚು ಕಾಡಿದ್ದು 2024ರ ಎಕ್ಸ್‌ಜೆಡ್ ಪ್ರಕರಣ. ಎಕ್ಸ್‌ಜೆಡ್ ಎಂಬುದು ಕಡತಗಳನ್ನು ಕುಗ್ಗಿಸುವ ಒಂದು ಚಿಕ್ಕ ತಂತ್ರಾಂಶ. ಲಿನಕ್ಸ್ ನಡೆಯುವ ಸರ್ವರ್‌ಗಳಲ್ಲೆಲ್ಲ ಇರುತ್ತದೆ, ಯಾರ ಕಣ್ಣಿಗೂ ಬೀಳುವುದಿಲ್ಲ. ಅದನ್ನು ಒಬ್ಬರೇ, ಸಂಬಳವಿಲ್ಲದೆ ನೋಡಿಕೊಳ್ಳುತ್ತಿದ್ದರು. 2021ರಲ್ಲಿ ಜಿಯಾ ಟಾನ್ ಎಂಬ ಹೆಸರಿನವರೊಬ್ಬರು ಬಂದು ಸಣ್ಣಪುಟ್ಟ ದೋಷಗಳನ್ನು ತಿದ್ದಿ ಕಳಿಸತೊಡಗಿದರು. ತಿದ್ದುಪಡಿಗಳು ಚೆನ್ನಾಗಿದ್ದವು, ಮಾತೂ ವಿನಯದ್ದು. ಈ ನಡುವೆ ಬೇರೆ ಬೇರೆ ಹೆಸರಿನವರು, ಮೊದಲಿದ್ದವರು ತೀರಾ ನಿಧಾನ, ಜವಾಬ್ದಾರಿಯನ್ನು ಬೇರೆಯವರಿಗೂ ಕೊಡಿ ಎಂದು ಒತ್ತಾಯ ಮಾಡಿದರು. ಎರಡು ವರ್ಷದೊಳಗೆ ಜಿಯಾ ಟಾನ್ ಅದರ ಜಂಟಿ ನಿರ್ವಾಹಕ. 2024ರ ಆರಂಭದಲ್ಲಿ ಬಂದ 5.6.0 ಮತ್ತು 5.6.1 ಆವೃತ್ತಿಗಳಲ್ಲಿ ಸರ್ವರ್‌ಗಳೊಳಗೆ ಕಳ್ಳದಾರಿ ತೆರೆಯುವ ಕೋಡ್ ಇತ್ತು. ಅಂದರೆ ಇಲ್ಲಿ ಯಾರೂ ಒಳ್ಳೆಯ ಹೆಸರನ್ನು ಕದಿಯಲಿಲ್ಲ. ತಾಳ್ಮೆಯಿಂದ, ನಿಜವಾದ ಕೆಲಸ ಮಾಡಿಯೇ, ಸಂಪಾದಿಸಿದರು. ಆ ಹೆಸರು ಎಂದೋ ಒಂದು ದಿನ ಖರ್ಚು ಮಾಡುವುದಕ್ಕೆಂದೇ ಕೂಡಿಟ್ಟ ಹಣದಂತಿತ್ತು.

ಅದು ಸಿಕ್ಕಿಬಿದ್ದ ಬಗೆ ಶಿಕ್ಷಕರಾಗುವ ನಮಗೆ ಮುಖ್ಯ ಎನಿಸುತ್ತದೆ. ಆಂಡ್ರೆಸ್ ಫ್ರಾಯಿಂಡ್ ಎಂಬ ಎಂಜಿನಿಯರ್ ಬೇರೇನೋ ಪರೀಕ್ಷೆ ಮಾಡುತ್ತಿದ್ದಾಗ, ಸರ್ವರ್‌ಗೆ ಲಾಗಿನ್ ಆಗಲು ಸುಮಾರು ಅರ್ಧ ಸೆಕೆಂಡ್ ಹೆಚ್ಚು ಹಿಡಿಯುತ್ತಿರುವುದು ಕಂಡಿತು. ಏಕೆ ಎಂದು ಹಿಂಬಾಲಿಸಿ ಹೋಗಿ, ಮಾರ್ಚ್ 29ರಂದು ಜಗತ್ತಿಗೆ ತಿಳಿಸಿದರು. ಜಿಯಾ ಟಾನ್ ಎಂಥ ಮನುಷ್ಯ ಎಂಬ ಪ್ರಶ್ನೆಯಿಂದ ಅವರು ಶುರು ಮಾಡಲಿಲ್ಲ. ಅಳತೆಯಲ್ಲಿ ಒಂದು ವ್ಯತ್ಯಾಸ ಕಂಡಿತು, ಅದನ್ನು ಬಿಡಲಿಲ್ಲ. ಭೌತವಿಜ್ಞಾನದ ಪ್ರಯೋಗಾಲಯದಲ್ಲಿ ನಾವು ಮಕ್ಕಳಿಗೆ ಕಲಿಸಬೇಕೆಂದಿರುವ ಗುಣ ಇದೇ. ಕಂಪ್ಯೂಟರ್ ಕೊಠಡಿಗೆ ಬಂದ ಕೂಡಲೇ ಅದನ್ನು ಚಪ್ಪಲಿಯಂತೆ ಹೊರಗೆ ಬಿಟ್ಟು ಬರುತ್ತೇವೆ.

ಇವೆಲ್ಲ ದೂರದ ಮಾತು ಎನ್ನಿಸಬಹುದು. ನಮ್ಮ ಮನೆಗಳಿಗೆ ತಲುಪುವ ಮೋಸಕ್ಕೆ ಎರಡು ವರ್ಷದ ತಾಳ್ಮೆ ಬೇಕಿಲ್ಲ, ಹೆಸರನ್ನು ಸಾಲ ಪಡೆದರೆ ಸಾಕು. ಮದುವೆಯ ಕರೆಯೋಲೆ, ವಾಹನದ ದಂಡದ ಚಲನ್ ಎಂಬ ಹೆಸರಿನಲ್ಲಿ ವಾಟ್ಸ್‌ಆ್ಯಪ್‌ಗೆ ಬರುವ ಎಪಿಕೆ ಕಡತಗಳನ್ನು ನೋಡಿ. ಒಬ್ಬರು ಅದನ್ನು ಒತ್ತಿ ಫೋನ್ ಕಳ್ಳರ ಕೈಗೆ ಹೋದರೆ, ಅದೇ ಕಡತ ಅವರ ಹೆಸರಿನಲ್ಲಿ, ಅವರ ಫೋಟೋದೊಂದಿಗೆ ಅವರ ಪರಿಚಯದವರಿಗೆಲ್ಲ ಹೋಗಬಹುದು. ಹಾಗೆ ಬಂದದ್ದನ್ನು ನೋಡಿದವರು 'ನಮ್ಮ ಪಕ್ಕದ ಮನೆಯವರೇ ಕಳಿಸಿದ್ದು' ಎಂದು ಒತ್ತುತ್ತಾರೆ. ಕಳಿಸಿದ್ದು ಅವರ ಫೋನು, ಅವರಲ್ಲ. ಈ ಒಂದು ವ್ಯತ್ಯಾಸವನ್ನು ಮಕ್ಕಳಿಗೆ ತಿಳಿಸಿದರೆ ನಮ್ಮ ಅರ್ಧ ಪಾಠ ಮುಗಿದಂತೆ.

'ಡಿಜಿಟಲ್ ಅರೆಸ್ಟ್' ಮೋಸದಲ್ಲಿ ಸಾಲ ಪಡೆಯುವುದು ಪೊಲೀಸರ, ನ್ಯಾಯಾಲಯದ ಹೆಸರನ್ನು. 2024ರ ಅಕ್ಟೋಬರ್ 27ರ 'ಮನ್ ಕಿ ಬಾತ್'ನಲ್ಲಿ ಪ್ರಧಾನಿಯವರು ಇಂಥ ಒಂದು ಕರೆಯ ಧ್ವನಿಮುದ್ರಣವನ್ನು ದೇಶಕ್ಕೆಲ್ಲ ಕೇಳಿಸಿ, ಕಾನೂನಿನಲ್ಲಿ ಡಿಜಿಟಲ್ ಅರೆಸ್ಟ್ ಎಂಬುದೇ ಇಲ್ಲ ಎಂದು ಹೇಳಿದರು. ಅದೇ ವರ್ಷದ ಕೊನೆಯಲ್ಲಿ ಬೆಂಗಳೂರಿನ ಒಬ್ಬ ಸಾಫ್ಟ್‌ವೇರ್ ಎಂಜಿನಿಯರ್ ಈ ಬಲೆಯಲ್ಲಿ 11.8 ಕೋಟಿ ರೂಪಾಯಿ ಕಳೆದುಕೊಂಡ ಸುದ್ದಿ ಪತ್ರಿಕೆಗಳಲ್ಲಿ ಬಂತು. ಓದು ಬರಹ ಇಲ್ಲದವರು ಮಾತ್ರ ಮೋಸ ಹೋಗುತ್ತಾರೆ ಎಂದು ಪಾಠದಲ್ಲಿ ಹೇಳುವವರು ಇದನ್ನು ನೆನಪಿಡಬೇಕು. ಕಾನೂನಿಗೆ, ಅಧಿಕಾರಕ್ಕೆ ಗೌರವ ಕೊಡುವುದನ್ನು ಚೆನ್ನಾಗಿ ಕಲಿತವರೇ ಇಲ್ಲಿ ಸುಲಭದ ಬೇಟೆ. ಆ ಗೌರವವನ್ನು ಕಲಿಸಿದವರು ನಾವು, ಶಿಕ್ಷಕರು.

ನಮ್ಮ ಜಯನಗರ, ಯಡಿಯೂರು, ಬಸವನಗುಡಿ ಕಡೆಯಂತೂ ಹೆಸರಿನ ಮೇಲೆಯೇ ಬದುಕು ನಡೆಯುತ್ತದೆ. ಬಾಡಿಗೆಗೆ ಮನೆ ಕೇಳಿದರೆ ಮೊದಲ ಪ್ರಶ್ನೆ 'ಯಾರ ಕಡೆಯವರು?' ಅಡುಗೆಯವರು, ಟ್ಯೂಷನ್ ಮಿಸ್ಸು, ಚೀಟಿ ನಡೆಸುವವರು, ಎಲ್ಲರೂ ಯಾರೋ ಹೇಳಿ ಬಂದವರೇ. 2020ರ ಜನವರಿಯಲ್ಲಿ ಬಸವನಗುಡಿಯ ಶ್ರೀ ಗುರು ರಾಘವೇಂದ್ರ ಸಹಕಾರ ಬ್ಯಾಂಕಿನ ಮೇಲೆ ರಿಸರ್ವ್ ಬ್ಯಾಂಕ್ ನಿರ್ಬಂಧ ಹಾಕಿ, ಒಬ್ಬ ಠೇವಣಿದಾರರು 35,000 ರೂಪಾಯಿಗಿಂತ ಹೆಚ್ಚು ತೆಗೆಯುವಂತಿಲ್ಲ ಎಂದಾಗ ಎಷ್ಟೋ ನಿವೃತ್ತರು ಬಾಗಿಲ ಮುಂದೆ ನಿಂತರು. ಇದು ಕಂಪ್ಯೂಟರ್ ವಿಷಯವಲ್ಲ. ಆದರೆ 'ಎಲ್ಲರೂ ಇಟ್ಟಿದ್ದಾರೆ' ಎಂಬುದು 'ಲೆಕ್ಕ ಸರಿಯಾಗಿದೆ' ಎಂಬುದಕ್ಕೆ ಸಮನಲ್ಲ ಎನ್ನುವುದನ್ನು ನಮ್ಮ ಬಡಾವಣೆಗಳ ಹಿರಿಯರಿಗೆ ನಾನು ವಿವರಿಸಬೇಕಾಗಿಲ್ಲ.

ಚಾರ್ಟಿನ ಎರಡನೆಯ ಸಾಲಿನ ಬಗ್ಗೆಯೂ ಒಂದು ಮಾತು. 'ಬೀಗದ ಗುರುತು ಇರುವ ತಾಣ ಸುರಕ್ಷಿತ' ಎಂದು ಬರೆದಿದ್ದೆ. ಬೀಗ ಹೇಳುವುದು ಇಷ್ಟೇ: ನಡುವೆ ಯಾರೂ ಕದ್ದು ಓದುತ್ತಿಲ್ಲ, ಮತ್ತು ಆ ವಿಳಾಸಕ್ಕೆ ಯಾವುದೋ ಸಂಸ್ಥೆ ಪ್ರಮಾಣಪತ್ರ ಕೊಟ್ಟಿದೆ. ವಿಳಾಸದ ಒಡೆಯ ಸಜ್ಜನ ಎಂದು ಅದು ಹೇಳುವುದಿಲ್ಲ. ಪ್ರಮಾಣಪತ್ರ ಕೊಡುವ ಸಂಸ್ಥೆಯೇ ಎಡವುವುದೂ ಉಂಟು. 2014ರ ಜುಲೈನಲ್ಲಿ ನಮ್ಮ ದೇಶದ ನ್ಯಾಷನಲ್ ಇನ್ಫರ್ಮ್ಯಾಟಿಕ್ಸ್ ಸೆಂಟರ್‌ನ ಪ್ರಮಾಣಪತ್ರ ವಿಭಾಗದಿಂದ ಗೂಗಲ್‌ನ ವಿಳಾಸಗಳಿಗೆ, ಗೂಗಲ್‌ಗೆ ತಿಳಿಯದಂತೆ, ಪ್ರಮಾಣಪತ್ರಗಳು ಹೊರಬಿದ್ದಿದ್ದವು. ಸರ್ಕಾರದ ಮುದ್ರೆ ಇದ್ದುದರಿಂದ ವಿಂಡೋಸ್ ಅವನ್ನು ನಂಬುತ್ತಿತ್ತು. ಗೂಗಲ್ ಕಂಡುಹಿಡಿದು ತಡೆಯಿತು, ಪ್ರಮಾಣಪತ್ರಗಳು ರದ್ದಾದವು.

ಇಷ್ಟು ಹೇಳಿದ ಮೇಲೂ, ಹೆಸರು ನೋಡಿ ನಂಬುವುದರ ದೊಡ್ಡ ನಷ್ಟ ಮೋಸ ಹೋಗುವುದಲ್ಲ ಎಂದೇ ನನ್ನ ಅನಿಸಿಕೆ. ಹೆಸರೇ ಇಲ್ಲದವರಿಗೆ ಆಗುವ ಅನ್ಯಾಯ ಅದಕ್ಕಿಂತ ದೊಡ್ಡದು. ಹೊಸಬನೊಬ್ಬ ಒಳ್ಳೆಯ ಪ್ರೋಗ್ರಾಂ ಬರೆದು ಹಂಚಿದರೆ ಮೊದಲ ದಿನಗಳಲ್ಲಿ ವಿಂಡೋಸ್ ಅದನ್ನು 'ಅಪರಿಚಿತ' ಎಂದು ತಡೆಯುತ್ತದೆ. ಹಿಂದೆ ಯಾರೋ ಕೆಟ್ಟದಾಗಿ ಬಳಸಿದ ಮೊಬೈಲ್ ಸಂಖ್ಯೆ ನಿಮಗೆ ಹೊಸ ಸಿಮ್ಮಿನಲ್ಲಿ ಬಂದರೆ, ನಿಮ್ಮ ಕರೆ ಊರಿಗೆಲ್ಲ ಕೆಂಪು ಬಣ್ಣದಲ್ಲಿ ಕಾಣಬಹುದು. ಯಂತ್ರ ಇದನ್ನು ಕ್ರಮೇಣ ಸರಿಪಡಿಸಿಕೊಳ್ಳುತ್ತದೆ. ತರಗತಿಯಲ್ಲಿ ಸರಿಪಡಿಸುವವರು ಯಾರು? ಆ ಹುಡುಗನ ತಪ್ಪು ಇಷ್ಟೇ: ಅವನು ಜೂನ್‌ನಲ್ಲಿ ಸೇರಿದವನು, ಅವನ ಬಗ್ಗೆ ಒಳ್ಳೆಯ ಮಾತಾಡುವವರು ಸ್ಟಾಫ್ ರೂಮಿನಲ್ಲಿ ಇನ್ನೂ ಹುಟ್ಟಿರಲಿಲ್ಲ.

ಮನಶ್ಶಾಸ್ತ್ರದ ಪತ್ರಿಕೆಗೆ ನಾವೆಲ್ಲ ಹ್ಯಾಲೋ ಪರಿಣಾಮ ಓದಿ ಬರೆದವರೇ. ಥಾರ್ನ್‌ಡೈಕ್ 1920ರಲ್ಲಿ, ಸೈನ್ಯದ ಅಧಿಕಾರಿಗಳು ತಮ್ಮ ಕೈಕೆಳಗಿನವರ ಬೇರೆ ಬೇರೆ ಗುಣಗಳಿಗೆ ಅಂಕ ಕೊಡುವಾಗ ಎಲ್ಲವನ್ನೂ ಒಂದೇ ತಕ್ಕಡಿಯಲ್ಲಿ ತೂಗುತ್ತಾರೆ ಎಂದು ತೋರಿಸಿದ. ಐದು ಅಂಕದ ಟಿಪ್ಪಣಿ ಎಂದು ಓದಿದ್ದೆ. ಅಕ್ಷರ ಚೆನ್ನಾಗಿರುವವಳ ಪೆನ್‌ಡ್ರೈವೂ ಚೊಕ್ಕ ಎಂದು ನಾನು ಅಂದುಕೊಂಡದ್ದು ಅದೇ ಎಂದು ಹೊಳೆಯಲು ಏಳು ಕಂಪ್ಯೂಟರ್ ಕೆಡಬೇಕಾಯಿತು. ಆಂತರಿಕ ಅಂಕಗಳಲ್ಲಿ, ಯೋಜನಾ ಕಾರ್ಯದ ಮೌಲ್ಯಮಾಪನದಲ್ಲಿ, ಅಷ್ಟೇ ಏಕೆ, ನಮ್ಮ ಪಾಠಗಳನ್ನು ನೋಡಲು ಬರುವವರ ವೀಕ್ಷಣಾ ನಮೂನೆಯಲ್ಲಿ ಇದು ಎಷ್ಟಿದೆ ಎಂದು ಗುರುಗಳೂ ಪ್ರಶಿಕ್ಷಣಾರ್ಥಿ ಮಿತ್ರರೂ ತಮ್ಮಷ್ಟಕ್ಕೆ ಯೋಚಿಸಲಿ. ನಾನು ಈಗ ಆ ಜಗಳಕ್ಕೆ ಹೋಗುವುದಿಲ್ಲ.

ಮಾರ್ಗದರ್ಶಕ ಶಿಕ್ಷಕಿಗೆ ಇದನ್ನೆಲ್ಲ ಹೇಳಿದಾಗ ಅವರು ಒಪ್ಪಲಿಲ್ಲ. "ಹದಿನಾಲ್ಕು ವರ್ಷದ ಮಕ್ಕಳಿಗೆ ಯಾರನ್ನೂ ನಂಬಬೇಡಿ ಅಂತ ಹೇಳ್ಕೊಟ್ರೆ ನಾಳೆ ನಮ್ಮನ್ನೂ ನಂಬಲ್ಲ ಕಣಮ್ಮ" ಎಂದರು. ಅವರ ಮಾತಿನಲ್ಲಿ ತೂಕವಿದೆ. ಎಲ್ಲವನ್ನೂ ಅನುಮಾನಿಸುವ ಮಗು ಕೊನೆಗೆ ಯಾವುದನ್ನೂ ಪರೀಕ್ಷಿಸದೆ ಸುಮ್ಮನಾಗುತ್ತದೆ. ಆದರೆ ನಾನು ಕೇಳುತ್ತಿರುವುದು ಅನುಮಾನವನ್ನಲ್ಲ. ಬ್ಯಾಂಕಿನಲ್ಲಿ ಕ್ಯಾಷಿಯರ್ ನಮ್ಮೆದುರೇ ನೋಟು ಎಣಿಸಿದರೆ ನಮಗೆ ಅವಮಾನವಾಗುವುದಿಲ್ಲ, ಏಕೆಂದರೆ ಎಲ್ಲರ ನೋಟನ್ನೂ ಎಣಿಸುತ್ತಾರೆ. ನಮ್ಮೊಬ್ಬರದನ್ನು ಮಾತ್ರ ಎಣಿಸಿದರೆ ಅವಮಾನ.

ಮುಂದಿನ ವಾರದ ಪಾಠ ಯೋಜನೆಯನ್ನು ಹರಿದು ಮತ್ತೆ ಬರೆದೆ. 'ನಂಬಿಕಸ್ಥ ಮೂಲ' ಎಂಬ ಪದವನ್ನೇ ತೆಗೆದುಹಾಕಿದೆ. ಒಂದೇ ಸಂದೇಶವನ್ನು, 'ನಿಮ್ಮ ಖಾತೆ ಇಂದು ರಾತ್ರಿ ಸ್ಥಗಿತ, ಈ ಕಡತ ತೆರೆಯಿರಿ' ಎಂಬುದನ್ನು, ಮೂರು ಚೀಟಿಯಲ್ಲಿ ಬರೆದು, ಕಳಿಸಿದವರು ಎಂಬಲ್ಲಿ ಒಂದರಲ್ಲಿ ಅಪರಿಚಿತ ಸಂಖ್ಯೆ, ಒಂದರಲ್ಲಿ ಬ್ಯಾಂಕು, ಒಂದರಲ್ಲಿ 'ಅಮ್ಮ' ಎಂದು ಹಾಕಿ ಗುಂಪುಗಳಿಗೆ ಕೊಟ್ಟೆ. ಯಾವುದನ್ನು ನಂಬುತ್ತೀರಿ ಎಂದು ಕೇಳಲಿಲ್ಲ. ನಿಜವೇ ಎಂದು ತಿಳಿಯಲು ಈಗ ಏನು ಮಾಡುತ್ತೀರಿ ಎಂದು ಕೇಳಿದೆ. 'ಅಮ್ಮ' ಗುಂಪು ಎಲ್ಲರಿಗಿಂತ ಬೇಗ ಉತ್ತರ ಕೊಟ್ಟಿತು: ಫೋನ್ ಮಾಡಿ ಕೇಳುತ್ತೇವೆ. ಬ್ಯಾಂಕಿನ ಗುಂಪು ತಡಕಾಡಿತು. ಸಂದೇಶದಲ್ಲಿರುವ ಸಂಖ್ಯೆಗೇ ಫೋನ್ ಮಾಡುವುದಾಗಿ ಒಬ್ಬಳು ಹೇಳಿದಾಗ, "ಅಯ್ಯೋ, ಕಳ್ಳನ್ನೇ ಕೇಳಿದಂಗೆ" ಎಂದು ಕೊನೆಯ ಬೆಂಚಿನಿಂದ ಬಂತು. ಅಲ್ಲಿಂದ ಪಾಸ್‌ಬುಕ್ಕಿನಲ್ಲಿ ಅಚ್ಚಾದ ಸಂಖ್ಯೆಗೆ ಬಂದೆವು. ಬ್ಯಾಂಕುಗಳ ತಾಣಗಳೆಲ್ಲ 2025ರ ಅಕ್ಟೋಬರ್ 31ರೊಳಗೆ 'ಬ್ಯಾಂಕ್ ಡಾಟ್ ಇನ್' ಎಂದು ಕೊನೆಯಾಗುವ ವಿಳಾಸಕ್ಕೆ ಬರಬೇಕೆಂದು ರಿಸರ್ವ್ ಬ್ಯಾಂಕ್ ಹೇಳಿದ್ದನ್ನು, ಬ್ಯಾಂಕುಗಳಲ್ಲದವರಿಗೆ ಆ ವಿಳಾಸ ಸಿಗುವುದಿಲ್ಲ ಎಂಬುದನ್ನು ಬೋರ್ಡಿನ ಮೇಲೆ ಬರೆದೆ. ಹಣ ಹೋದರೆ ತಡಮಾಡದೆ 1930ಕ್ಕೆ ಕರೆ ಮಾಡಬೇಕೆಂಬುದನ್ನೂ ಬರೆದೆ. ಪಾಠ ಐದು ನಿಮಿಷ ಮೀರಿತು, ವೀಕ್ಷಣೆಯಲ್ಲಿ ಸಮಯ ಪಾಲನೆಗೆ ಅಂಕ ಕಡಿಮೆ ಬಂದಿದೆ. ಬರಲಿ.

ಕೊಠಡಿಯಲ್ಲೂ ವ್ಯವಸ್ಥೆ ಬದಲಾಯಿತು. ಎಲ್ಲ ಪೆನ್‌ಡ್ರೈವ್‌ಗಳೂ ಬೆಳಗಿನ ಪ್ರಾರ್ಥನೆಗೆ ಮುಂಚೆಯೇ ನನ್ನ ಮೇಜಿಗೆ ಬರಬೇಕು, ಬಂದ ಕ್ರಮದಲ್ಲೇ ಸ್ಕ್ಯಾನ್, ಮೊದಲನೆಯದು ನನ್ನದು. ಹೀಗೆ ಮಾಡಿದರೆ ಅವಧಿಯ ಸಮಯವೂ ಉಳಿಯುತ್ತದೆ. ಮೊದಲೇ ಏಕೆ ಹೊಳೆಯಲಿಲ್ಲವೋ. ಸ್ಕ್ಯಾನ್ ಮಾಡುವ ಕೆಲಸವನ್ನು ವಾರಕ್ಕೊಬ್ಬರಂತೆ ಮಕ್ಕಳಿಗೇ ವಹಿಸಿದೆ. ಆ ಹುಡುಗನ ಬಳಿ ತರಗತಿಯ ಮುಂದೆಯೇ ಕ್ಷಮೆ ಕೇಳಿದೆ. ಎಬ್ಬಿಸಿ ನಿಲ್ಲಿಸಿದ್ದು ಎಲ್ಲರ ಮುಂದೆಯಾದ್ದರಿಂದ ಕೇಳುವುದೂ ಅಲ್ಲೇ ಆಗಬೇಕಿತ್ತು. ಅವನು ತಲೆ ತಗ್ಗಿಸಿ "ಪರ್ವಾಗಿಲ್ಲ ಬಿಡಿ ಮಿಸ್" ಎಂದ. ಅವನ ಮುಖ ನೋಡಿದರೆ ಹಾಗೇನೂ ಅನ್ನಿಸಲಿಲ್ಲ.

ನಾನು ಎಣಿಸದೇ ಇದ್ದದ್ದು ಲೀಡರ್ ಹುಡುಗಿಯ ಪಾಡು. ಒಂದು ವಾರ ಮಕ್ಕಳು ಅವಳನ್ನು 'ವೈರಸ್' ಎಂದು ಕರೆದರು. ಒಂದೇ ದಿನದಲ್ಲಿ ಅವಳ ಹೆಸರು ಮೇಲಿನಿಂದ ಕೆಳಗೆ ಬಿದ್ದಿತ್ತು, ಅವಳು ಮಾತ್ರ ಮೊದಲಿನವಳೇ. ಆ ಹೆಸರು ಕರೆದವರನ್ನು ಕೂರಿಸಿಕೊಂಡು ಮಾತಾಡಿದೆ. ಅವಳ ಮನೆಗೂ ಹೋಗಿ, ತಪ್ಪು ನನ್ನದು ಎಂದು ಅವಳ ಅಜ್ಜಿಗೆ ಹೇಳಿ ಬಂದೆ. ಆದರೂ ಎರಡು ವಾರ ಅವಳು ಪೆನ್‌ಡ್ರೈವ್ ತರಲಿಲ್ಲ, ಕೆರೆಯ ಚಿತ್ರಗಳನ್ನು ಕೈಯಲ್ಲೇ ಬಿಡಿಸಿ ತಂದಳು. ಅಭ್ಯಾಸ ಬೋಧನೆಯ ಕೊನೆಯ ವಾರ ತಂದಳು. ಮೇಜಿನ ಮೇಲಿನ ಸಾಲಿನಲ್ಲಿ ಅವಳದು ಏಳನೆಯದು. ಸ್ಕ್ಯಾನ್ ಆಯಿತು, ಏನೂ ಇರಲಿಲ್ಲ. ಎಂಟನೆಯದನ್ನು ಕೈಗೆತ್ತಿಕೊಂಡೆವು.